ರಾಮಪಟ್ಟಾಭಿಷೇಕದ ಮುಂದೆ ಗಿಟಾರು

ಶ್ಯಾವಿಗೆ ಹೊಸೆಯಲು ಕೂತಾಗ ಬಾಗಿಲಿಗೆ ಯಾರು ಬಂದರೂ ಏಳುವಂತಿಲ್ಲ. ಹಿಟ್ಟು ನಾದಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಹದಕ್ಕೆ ತಂದ ಮೇಲೆ ಅದು ನಮ್ಮ ಮಾತು ಕೇಳುವುದು ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಎಳೆ ತೆಗೆದು ಕೋಲಿನ ಮೇಲೆ ಇಳಿಬಿಡಬೇಕು. ಆ ದಿನ ನಾನೂ ಬಾಜೂ ಮನೆಯ ವೈನಿಯೂ ನಮ್ಮ ಮಾಳಮಡ್ಡಿ ಮನೆಯ ಪಡಸಾಲೆಯಲ್ಲಿ ಎದುರುಬದುರು ಕೂತು ಕೈ ಓಡಿಸುತ್ತಿದ್ದೆವು. ಬೇಸಿಗೆಯಾದ್ದರಿಂದ ಸಾಲೆ ಮುಂಜಾನೆಯೇ ನಡೆಯುತ್ತಿತ್ತು. ಮಾಸ್ತರಿಕೆ ಮುಗಿಸಿ ನಮ್ಮವರು ಬಿಸಿಲೇರುವ ಹೊತ್ತಿಗೆ ಮನೆಗೆ ಬಂದರು. ಟೊಪ್ಪಿಗೆ ತೆಗೆಯಲಿಲ್ಲ, ಕಾಲು ತೊಳೆಯಲಿಲ್ಲ. ಹೊಸ್ತಿಲ ಆಚೆಗೇ ನಿಂತು,

"ಕೇಳಿದೇನ? ಈ ಸಲ ಚಿತ್ರಶಾಲಿಯೊಳಗ ಹೆಣ್ಣುಮಕ್ಕಳಿಗೂ ಬಾರಸ್ತಾರಂತ!" ಅಂದರು.

ನನ್ನ ಕೈಯಲ್ಲಿದ್ದ ಎಳೆ ಪಟ್ಟನೆ ಕಡಿಯಿತು.

"ಖರೇನ್ರಿ?"

"ಖರೇ ಅಂದ್ರ ಖರೇ. ಚಿತ್ರದ ಮಾಸ್ತರು ತಾವ ಹೇಳಿದ್ರು."

ಚಿತ್ರಶಾಲೆ ಅಂದರೆ ನಮ್ಮ ಮನೆಯಿಂದ ಬಹಳ ದೂರವಿರದ ಒಂದು ಹಳೆಯ ವಾಡೆ. ವಯಸ್ಸಾದ ವಕೀಲರೊಬ್ಬರು ಪ್ರಾಯದಲ್ಲಿ ಮುಂಬಯಿ, ಪುಣೆ ಅಂತ ತಿರುಗಿ ಬಣ್ಣದ ಪಟಗಳನ್ನು ಕೂಡಿಸಿದವರು. ಮಕ್ಕಳಿಲ್ಲದ ಆ ಮನೆಯಲ್ಲಿ ಪಟಗಳೇ ತುಂಬಿಕೊಂಡಿದ್ದವು. ಕಡೆಗೆ ಅವರು ವಾಡೆಯ ದೊಡ್ಡ ಹಜಾರವನ್ನು, ಅಂದರೆ ಹಾಲನ್ನು, ಊರವರ ನೋಟಕ್ಕೆ ಬಿಟ್ಟುಕೊಟ್ಟು, ಸಾಲೆಯಲ್ಲಿ ಚಿತ್ರ ಕಲಿಸುವ ಮಾಸ್ತರರೊಬ್ಬರನ್ನು ದೇಖರೇಖಿಗೆ ಇಟ್ಟಿದ್ದರು. ತಿಂಗಳ ಕಡೆಯ ಆದಿತ್ಯವಾರ ಅಲ್ಲಿ ಗಿಟಾರಿನ ಕಚೇರಿ. ಹುಬ್ಬಳ್ಳಿಯ ರೇಲ್ವೆಯಲ್ಲಿ ನೌಕರಿ ಮಾಡುವ, ಗೋವೆ ಕಡೆಯ ಕ್ರಿಸ್ತರ ಗೃಹಸ್ಥರೊಬ್ಬರು ಮುಂಜಾನೆ ಇಗರ್ಜಿಯ ಪ್ರಾರ್ಥನೆ ಮುಗಿಸಿಕೊಂಡು ಮಧ್ಯಾಹ್ನದ ಗಾಡಿಗೆ ಧಾರವಾಡಕ್ಕೆ ಬಂದು ಬಾರಿಸುತ್ತಿದ್ದರು. ತಿಕೀಟಿಲ್ಲ, ಪಟ್ಟಿಯಿಲ್ಲ, ಎಲ್ಲಾ ಪುಕ್ಕಟೆ. ಆದರೆ ಗಂಡಸರಿಗೆ ಮಾತ್ರ.

ನಮ್ಮವರು ಪ್ರತಿ ಸಲ ಹೋಗಿ ಬಂದು ನನಗೆ ವರ್ಣಿಸುತ್ತಿದ್ದರು. "ಸತಾರ ಹಂಗಲ್ಲ, ಪಿಟೀಲು ಹಂಗಲ್ಲ. ಮಡಲಾಗ ಕೂಸು ಮಲಗಿಸಿಕೊಂಡಾಂಗ ಹಿಡೀತಾರ. ಐದೂ ಬೆರಳು ಬ್ಯಾರೆ ಬ್ಯಾರೆ ಕೆಲಸ ಮಾಡ್ತಾವ. ಕಣ್ಣು ಮುಚ್ಚಿ ಕೇಳಿದ್ರ ಇಬ್ಬರು ಬಾರಿಸಿಧಂಗ ಕೇಳಸ್ತದ" ಅಂತ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತೋರಿಸಿದ್ದೂ ಉಂಟು. ಮೊರ ನೋಡಿ ಗಿಟಾರು ಹೇಗೆ ತಿಳಿಯಬೇಕು?

ಧಾರವಾಡದಲ್ಲಿ ಹಾಡಿಕೆಗೇನು ಬರವಿರಲಿಲ್ಲ. ತವರುಮನೆಯಲ್ಲಿ ನಮ್ಮಪ್ಪನ ಪಡಸಾಲೆಯಲ್ಲಿ ಹಾಡುವವರು, ಬಾರಿಸುವವರು ಬಂದು ಕೂಡುತ್ತಿದ್ದರು. ನಾವು ಹೆಣ್ಣುಮಕ್ಕಳು ಒಳಗೆ ಚಹಾ ಸೋಸುತ್ತ, ಅವಲಕ್ಕಿ ಹಚ್ಚುತ್ತ ಕೇಳಿಸಿಕೊಂಡವರು. ಗಂಡನ ಮನೆಗೆ ಬಂದ ಮೇಲೆ ಮೂಲೆಮನೆಯವರ ಹಾರ್ಮೋನಿಯಂ ಪೇಟಿಯ ನಾದ ನಮ್ಮ ಅಡುಗೆಮನೆಯ ಗವಾಕ್ಷಿಯಿಂದ ಬರುತ್ತಿತ್ತು. ಕಿವಿ ಕೊಟ್ಟ ದೇವರು ಆ ಗವಾಕ್ಷಿಯನ್ನೂ ಕೊಟ್ಟಿದ್ದ, ಇಲ್ಲ ಅನ್ನಲಾರೆ. ಆದರೆ ಅಷ್ಟು ವರ್ಷ ಕೇಳಿದರೂ ಬಾರಿಸುವ ಒಂದು ಕೈಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಯಾವಾಗಲೂ ನಡುವೆ ಒಂದು ಗೋಡೆ. ಒಮ್ಮೆ, ಒಂದೇ ಒಂದು ಸಲ, ಎದುರಿಗೆ ಕೂತು ಆ ಬೆರಳು ಏನು ಮಾಡುತ್ತವೆ ನೋಡಬೇಕು ಅನ್ನುವುದೇ ನನ್ನ ಆಸೆ. ಬಂಗಾರದ ಪಾಟಲಿಯ ಆಸೆ ಕೂಡ ನನಗೆ ಅಷ್ಟು ಕಾಡಿರಲಿಲ್ಲ.

"ಆದ್ರ ವಕೀಲ ಸಾಹೇಬ್ರು ಒಂದು ಕರಾರು ಹಾಕ್ಯಾರ," ಅಂದರು ನಮ್ಮವರು. "ಇದೊಂದ ಸಲ ನೋಡೂದಂತ. ಗದ್ದಲಾತು, ಏನರ ರಗಳೆ ಆತು ಅಂದ್ರ ಮುಂದ ಹೆಣ್ಣುಮಕ್ಕಳ ಬೈಠಕ ಬಂದ್. ಛಲೋ ಆತಂದ್ರ ಪ್ರತಿ ತಿಂಗಳ."

ವೈನಿ ಮೂಗು ಮುರಿದರು. ಅವರ ತಮ್ಮ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದ. ಅವನಿಗೆ ಆ ಗೃಹಸ್ಥರ ಗುರುತಿತ್ತು.

"ಅದರ ತಂತಿ ಯಾತರದ್ದು ಗೊತ್ತದೇನ್ರೀ ನಿಮಗ? ಕುರಿ ಕರಳಿಂದು! ನನ್ನ ತಮ್ಮ ಹೇಳ್ಯಾನ. ಮಡಿವಂತ ಹೆಂಗಸರು ಅದರ ಮುಂದ ಹೋಗಿ ಕೂಡೂದಂದ್ರ..."

ನಡುಮನೆಯಲ್ಲಿ ನಮ್ಮ ಅತ್ತೆ ಇದ್ದರು. ಎಲ್ಲಾ ಕೇಳಿಸಿಕೊಂಡಿದ್ದರು. ಒಳಗಿನಿಂದಲೇ ಅವರ ದನಿ ಬಂತು:

"ಮಠದಾಗ ಬಾರಸೋ ಮೃದಂಗಕ್ಕ ಹಚ್ಚಿದ ಚರ್ಮ ಏನು ಹತ್ತೀ ಹೊಲದಾಗ ಬೆಳದದ್ದೇನ? ದೇವರು ದಿನಾ ಕೇಳ್ತಾನ. ಅವಗ ನಡದದ್ದು ನಿನಗ ನಡಿಯೂದಿಲ್ಲೇನ?"

ವೈನಿ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅದರ ಹಿಂದೆಯೇ ಅತ್ತೆ, "ಹಂಗಂತ ನಾವೇನು ಹೋಗೂದು ಬ್ಯಾಡ. ಕಿವಿಗೆ ಬಿದ್ರ ಕೇಳಬೇಕು, ಹುಡುಕಿಕೊಂಡು ಯಾಕ ಹೋಗಬೇಕು?" ಅಂದುಬಿಟ್ಟರು. ಅತ್ತೆ ಬರದಿದ್ದರೆ ಸೊಸೆ ಹೋಗುವ ಮಾತೇ ಇಲ್ಲ.

ಆಗ ನಮ್ಮವರು ಒಂದು ಉಪಾಯ ಮಾಡಿದರು. ಕಾಲು ತೊಳೆದುಕೊಂಡು ಒಳಗೆ ಹೋಗಿ ತಾಯಿಯ ಹತ್ತಿರ ಕೂತು, "ಅವ್ವಾ, ಅಲ್ಲಿ ಒಂದು ರಾಮಪಟ್ಟಾಭಿಷೇಕದ ಪಟ ಅದ. ಆಳೆತ್ತರ. ರಾಮದೇವರ ಕಣ್ಣು ನೋಡಿದ್ರ ನಮ್ಮನ್ನ ಮಾತಾಡ್ಸಿಧಂಗ ಅನಸ್ತದ. ಕಚೇರಿ ಬಿಡು, ಆ ದರ್ಶನಕ್ಕರ ಬಾ," ಅಂದರು.

ಅತ್ತೆ ಜಪದ ಸರ ಕೆಳಗಿಟ್ಟರು. "ಮಾರುತಿ ಇದ್ದಾನೇನು ಅದರಾಗ?"

"ಪಾದ ಹಿಡಕೊಂಡು ಕೂತಾನ."

"ಹಂಗಾರ ಹೋಗೋಣು."

ಆ ಆದಿತ್ಯವಾರ ಏಕಾದಶಿ ಬಂತು. ಇದೂ ಅವನ ಕರುಣೆಯೇ. ದೊಡ್ಡವರಿಗೆಲ್ಲ ಉಪವಾಸ, ಮಕ್ಕಳಿಗೆ ಒಂದಿಷ್ಟು ಉಪ್ಪಿಟ್ಟು ಕೆದಕಿಕೊಟ್ಟರೆ ಒಲೆಯ ಕೆಲಸ ತೀರಿತು. ಬೇರೆ ಆದಿತ್ಯವಾರವಾಗಿದ್ದರೆ ಮಧ್ಯಾಹ್ನದ ಮುಸುರೆ, ಸಂಜೆಯ ಅಡುಗೆ ಬಿಟ್ಟು ನಾನು ಹೊಸ್ತಿಲು ದಾಟುವುದು ಹೇಗೆ? ಮಾವನವರು ಮಕ್ಕಳನ್ನು ಸಂಭಾಳಿಸುತ್ತೇನೆ ಅಂದರು. ನಾನು ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ ತೆಗೆದೆ. ಅತ್ತೆ ನೋಡಿ, "ಯಾರದ ಲಗ್ನ ಅದವಾ?" ಅಂದರು. ಆದರೆ ತಾವೂ ಒಂದು ಹೊಸ ಸೀರೆ ಉಟ್ಟು, ಕುಂಕುಮದ ಬಟ್ಟಲು, ತುಳಸಿ, ಬಾಳೆಹಣ್ಣು ಎಲ್ಲಾ ಹಿಡಿದುಕೊಂಡು ಹೊರಟರು.

ಮಾಳಮಡ್ಡಿಯ ಓಣಿಯಿಂದ ಹೆಣ್ಣುಮಕ್ಕಳ ಒಂದು ದಿಂಡಿಯೇ ಹೊರಟಂತೆ ಆಯಿತು. ಬೇಡವೆಂದು ಮೂಗು ಮುರಿದ ವೈನಿಯೇ ಎಲ್ಲರಿಗಿಂತ ಮುಂದೆ. "ನಿಮ್ಮ ಅತ್ತಿ ಅಪ್ಪಣಿ ಕೊಟ್ಟ ಮ್ಯಾಲೆ ನಾ ಹಿಂದ ಉಳೀಲೇನ?" ಅಂದರು. ನಾನಂತೂ ನೆಲದ ಮೇಲೆ ನಡೆಯುತ್ತಿದ್ದೆನೋ ಇಲ್ಲವೋ ನೆನಪಿಲ್ಲ.

ವಾಡೆಯ ಹಾಲಿನೊಳಗೆ ತಂಪಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಗೋಡೆಯ ತುಂಬ ಪಟಗಳು: ಹೊಳೆಯ ದಂಡೆ, ಒಬ್ಬ ಸರದಾರ, ಹಣ್ಣಿನ ಬುಟ್ಟಿ, ನೀರು ಹೊರುವ ಹೆಂಗಸು. ಒಂದು ತುದಿಗೆ ಎತ್ತರದ ಕಟ್ಟೆ, ಅದರ ಮೇಲೆ ಒಂದು ಕುರ್ಚಿ, ಕುರ್ಚಿಯ ಮುಂದೆ ಕಾಲಿಡಲು ಸಣ್ಣದೊಂದು ಮಣೆ. ಕಟ್ಟೆಯ ಮುಂದೆ ಹಾಲಿನ ಉದ್ದಕ್ಕೂ ಜಮಖಾನೆ. ಮತ್ತೆ ಕಟ್ಟೆಗೆ ಸರಿಯಾಗಿ ಎದುರು, ಇನ್ನೊಂದು ತುದಿಯ ಗೋಡೆಯ ಮೇಲೆ, ರಾಮದೇವರು.

ನಮ್ಮವರು ಹೇಳಿದ್ದು ಸುಳ್ಳಲ್ಲ. ಅತ್ತೆ ನಿಂತಲ್ಲೇ ನಿಂತರು. ಕೈ ಮುಗಿದರು, ಕಣ್ಣು ತುಂಬಿಕೊಂಡರು. ಆಮೇಲೆ ಕುಂಕುಮದ ಬಟ್ಟಲು ತೆಗೆದು ಪಟದ ಕಡೆ ಹೊರಟರು. ಚಿತ್ರದ ಮಾಸ್ತರು ಓಡೋಡಿ ಅಡ್ಡ ಬಂದರು.

"ತಾಯಾರ, ಕೈ ಮುಗೀತೀನಿ, ಹಚ್ಚಬ್ಯಾಡ್ರಿ! ಎಣ್ಣಿ ಬಣ್ಣ ಐತ್ರಿ, ಕುಂಕುಮ ಹತ್ತಿದ್ರ ಹೋಗಂಗಿಲ್ರಿ."

"ಹೋಗದಿದ್ರ ಛಲೋನ ಆತಲ್ರೀ," ಅಂದರು ಅತ್ತೆ. ಆದರೂ ಆ ಬಡಪಾಯಿಯ ಮುಖ ನೋಡಿ ಪಟದ ಕೆಳಗೆ ನೆಲದ ಮೇಲೆ ತುಳಸಿ ಇಟ್ಟು ಸುಮ್ಮನಾದರು. ರಗಳೆ ತಪ್ಪಿತು ಅಂದುಕೊಂಡೆ.

ಎಲ್ಲಿ ತಪ್ಪಿತು? ಕೂಡುವ ಹೊತ್ತು ಬಂತು. ಜಮಖಾನೆಯ ಮೇಲೆ ಕಟ್ಟೆಗೆ ಮುಖ ಮಾಡಿ ಕೂತರೆ ರಾಮದೇವರು ಬೆನ್ನಿಗೆ ಬರುತ್ತಾರೆ. ಅತ್ತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು.

"ದೇವರಿಗೆ ಬೆನ್ನು ಮಾಡಿ ಕೂಡೂದ? ಇದ್ಯಾವ ಪದ್ಧತಿ?" ಅಂದವರೇ ರಾಮನ ಕಡೆಗೆ ಮುಖ ಮಾಡಿ, ಕಟ್ಟೆಗೆ ಬೆನ್ನು ಮಾಡಿ ಕೂತರು. ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ಅವರು. ಅವರು ಕೂತದ್ದು ನೋಡಿ ವೈನಿ ಕೂತರು, ವೈನಿಯ ಬಾಜೂ ಇನ್ನೊಬ್ಬರು, ಹೀಗೆ ನೋಡನೋಡುತ್ತ ಇಡೀ ಹಾಲಿನ ಹೆಣ್ಣುಮಕ್ಕಳು ಕಟ್ಟೆಗೆ ಬೆನ್ನು ಕೊಟ್ಟು ಕೂತರು. ನಾನು ಅತ್ತೆಯ ಮಗ್ಗುಲಿಗೆ. ಸೊಸೆಗೆ ಬೇರೆ ಎಲ್ಲಿ ಜಾಗ?

ಅಷ್ಟರಲ್ಲಿ ಗಿಟಾರಿನವರು ಒಳಗೆ ಬಂದರು. ನಾನು ತಿರುಗಲಿಲ್ಲ, ಬೂಟಿನ ಸಪ್ಪಳ ಬಾಗಿಲಲ್ಲಿ ನಿಂತದ್ದು ಕೇಳಿತು. ಇನ್ನೊಂದು ಸಪ್ಪಳ ಬಡಿಗೆಯದು, ವಕೀಲ ಸಾಹೇಬರದು.

"ಏನಿದು ಮಾಸ್ತರ?" ವಕೀಲರ ದನಿ. "ಬಂದ ಮನಷ್ಯಾಗ ಇವರು ಬೆನ್ನು ತೋರಿಸ್ಲಿಕ್ಕೆ ಬಂದಾರೇನು? ನಾ ಮೊದಲ ಬ್ಯಾಡಂದಿದ್ದೆ."

"ಹಂಗಲ್ರಿ ಸಾಹೇಬ್ರ, ದೇವರ ಪಟ ಅಂತ..."

"ಗಂಡಸರು ಇಷ್ಟ ದಿವಸ ಕೂತಾರಲ್ಲ! ಅವರಿಗೇನು ದೇವರಿಲ್ಲೇನು?"

"ಅವರಿಗೆ ಹೊಳದಿಲ್ಲ," ಅಂದರು ಅತ್ತೆ, ತಿರುಗದೆ, ರಾಮನಿಗೇ ಹೇಳುವಂತೆ. ಯಾರೋ ಕಿಸಕ್ಕೆಂದರು.

ಮಾಸ್ತರು ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದು, "ತಾಯಾರ, ಒಂದು ಧೋತರ ತಂದು ಪಟದ ಮ್ಯಾಲ ಇಳಿಬಿಡ್ಲೇನ್ರಿ? ಒಂದ ತಾಸಿಂದು ಮಾತು," ಅಂದರು.

"ಪಟ್ಟಕ್ಕ ಕೂತ ರಾಮಚಂದ್ರಗ ಮುಸುಕು ಹಾಕ್ತೀರೇನ್ರೀ? ನಿಮ್ಮ ಮನ್ಯಾಗ ಹಿರೇರಿಲ್ಲೇನು?"

ಮಾಸ್ತರು ಹಿಂದೆ ಸರಿದರು. ವಕೀಲರು ಬಡಿಗೆಯನ್ನು ನೆಲಕ್ಕೆ ಕುಟ್ಟಿ, "ಆತು. ಇವತ್ತು ಹೆಂಗೋ ಬಾರಿಸಿ ಮುಗಸ್ರಿ. ಹೆಣ್ಣುಮಕ್ಕಳ ಬೈಠಕ ಇವತ್ತಿಗೆ ಕಡೀ," ಅಂದರು.

ಹಿಂದೆ ಕುರ್ಚಿ ಸರಿದ ಸಪ್ಪಳ. ಆಮೇಲೆ ಗಿಟಾರಿನವರು ತಂತಿ ಸರಿಮಾಡಿಕೊಳ್ಳತೊಡಗಿದರು. ಟುಂಯ್ ಅಂತ ಒಂದು, ಅದರ ಕೆಳಗೆ ಗಂಭೀರವಾಗಿ ಇನ್ನೊಂದು. ಎಂಥ ನಾದ! ಪೇಟಿಯ ಹಾಗೆ ಬಾಗಿಲಿಗೆ ಬಂದು ಕೂಗುವ ನಾದವಲ್ಲ, ಪಕ್ಕಕ್ಕೆ ಕೂತು ಮಾತಾಡುವಂಥದ್ದು. ಅದು ನನ್ನ ಬೆನ್ನ ಹಿಂದೆ! ಮನೆ ಬಿಟ್ಟು, ಸೀರೆ ಉಟ್ಟು, ಇಷ್ಟು ದೂರ ಬಂದು ಮತ್ತೆ ಅಡುಗೆಮನೆಯಲ್ಲೇ ಕೂತಂತಾಯಿತು. ಗೋಡೆಯೊಂದು ಇರಲಿಲ್ಲ, ಅಷ್ಟೇ. ಕತ್ತು ತಿರುಗಿಸಿದರೆ ಕೈ ಕಾಣುತ್ತದೆ. ತಿರುಗಿಸುವುದು ಹೇಗೆ? ಎದುರಿಗೆ ರಾಮ, ಬಾಜೂಕೆ ಅತ್ತೆ.

ರಾಮದೇವರ ಮುಖವನ್ನೇ ನೋಡಿದೆ. ಅಪ್ಪಾ, ನಿನಗೆ ಬೆನ್ನು ಮಾಡುವುದಿಲ್ಲ, ಆದರೆ ಆ ಕೈ ನನಗೆ ತೋರಿಸು, ಇನ್ನೊಮ್ಮೆ ಈ ಬಾಗಿಲು ನನಗೆ ತೆರೆಯುವುದಿಲ್ಲ ಅಂದೆ. ದೇವರು ಮಾತಾಡಲಿಲ್ಲ, ನನ್ನ ಬಾಯೇ ಮಾತಾಡಿತು. ಅತ್ತೆಯ ಕಿವಿಯ ಹತ್ತಿರ ಬಗ್ಗಿ,

"ಅತ್ಯಾರ, ಮಠದಾಗ ಭಜನಿ ಮಾಡವ್ರು ದೇವರ ಹತ್ರ ಬಂದು ಕೂಡ್ತಾರಲ್ರಿ? ಇವರನ್ನೂ ಇತ್ಲಾಗ ಕರದ್ರ..."

ಅತ್ತೆ ನನ್ನನ್ನು ನೋಡಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತು ಹಾಲಿಗೆಲ್ಲ ಕೇಳುವಂತೆ ಅಂದರು:

"ಏನ್ರೀ, ಬಾರಸವ್ರ! ಅಷ್ಟು ದೂರ ಯಾಕ ಕೂತೀರಿ? ಇಲ್ಲೆ ರಾಮನ ಮುಂದ ಬಂದು ಬಾರಸ್ರಿ. ನಾವೂ ನೋಡ್ತೇವಿ, ಅವನೂ ನೋಡ್ಲಿ."

ವಕೀಲರು, "ಅವರು ಕಿರಿಸ್ತಾನರಿದ್ದಾರವಾ..." ಅನ್ನುತ್ತಿದ್ದ ಹಾಗೇ ಗಿಟಾರಿನವರು ನಕ್ಕರು. ತುಂಬಿದ, ಒಳ್ಳೆಯ ನಗೆ.

"ಆಯೀ, ನೀವು ಹೇಳೋದು ಬರೋಬರ್ ಅದೆ. ನಮ್ಮ ಇಗರ್ಜಿಯಲ್ಲಿ ಸಹ ಆಲ್ತಾರಿಗೆ, ದೇವರ ಪೀಠಕ್ಕೆ, ಬೆನ್ನು ಮಾಡಿ ಯಾರೂ ಕೂಡೋದಿಲ್ಲ. ನಾನು ಬರ್ತೇನೆ," ಅಂದರು, ಕೊಂಕಣಿಯ ಎಳೆತವಿದ್ದ ಕನ್ನಡದಲ್ಲಿ.

ಬಂದರು. ತಲೆಗೂದಲು ನೆರೆತಿದ್ದವು, ಕೋಟು ಹಳೆಯದು, ಮುಖದ ಮೇಲೆ ದಣಿವಿತ್ತು. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಕುರ್ಚಿ. ಕಾಲಿನ ಮಣೆಯನ್ನು ಮಾಸ್ತರು ತಂದರು. ಪಟದ ಹತ್ತಿರ ಬಂದವರು ನಿಂತು, ಯಾರೂ ಹೇಳದೆಯೇ ಬಗ್ಗಿ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕಿತು. ಅವರೇ ಅದನ್ನು ನೋಡಿ ನಾಲಿಗೆ ಕಚ್ಚಿಕೊಂಡರು. ಹಾಲಿಗೆ ಹಾಲೇ ಸೆರಗಿನ ಮರೆಯಲ್ಲಿ ನಕ್ಕಿತು. ವಕೀಲರ ಮೀಸೆಯೂ ಅಲುಗಾಡಿದ್ದನ್ನು ನಾನು ಕಂಡೆ.

ಆದರೆ ಇನ್ನೊಂದು ತೊಡಕು. ಅವರು ನಮಗೆ ಮುಖ ಮಾಡಿ ಕುರ್ಚಿ ಇಟ್ಟರೆ ಈಗ ಅವರ ಬೆನ್ನು ರಾಮನಿಗೆ! ಅತ್ತೆಯೇ ಕೈ ಅಡ್ಡ ಬೀಸಿ, "ಓರೆ ಕೂಡ್ರಿ, ಓರೆ. ಅಷ್ಟು ಅವಗ, ಅಷ್ಟು ನಮಗ," ಅಂದರು. ಕೀರ್ತನೆಯವರು ನಿಲ್ಲುವ ಹಾಗೆ ಕುರ್ಚಿ ಓರೆಯಾಯಿತು. ನಾವೆಲ್ಲ ಸ್ವಲ್ಪ ಸರಿದುಕೊಂಡೆವು. ನನ್ನ ಮುಂದೆ, ಎರಡು ಮಾರು ದೂರದಲ್ಲಿ, ಅವರ ಎರಡೂ ಕೈ.

ಬಾರಿಸತೊಡಗಿದರು.

ಈಗಲೂ ಹೇಳಲು ಹೊರಟರೆ ಮಾತು ಒಂದರ ಮೇಲೊಂದು ಬೀಳುತ್ತವೆ. ಎಡಗೈಯ ಬೆರಳುಗಳು ಆ ಉದ್ದನೆಯ ಕತ್ತಿನ ಮೇಲೆ ಹಲ್ಲಿಯ ಮರಿಯಂತೆ ಏರುತ್ತಿದ್ದವು, ಇಳಿಯುತ್ತಿದ್ದವು, ಒಂದು ಕಡೆ ಒತ್ತಿ ನಿಂತು ಅಲುಗುತ್ತಿದ್ದವು. ಬಲಗೈಯೇ ಬೇರೆ. ಹೆಬ್ಬೆರಳು ಕೆಳಗಿನ ಸ್ವರವನ್ನು ಗುಂಯ್ ಗುಂಯ್ ಅಂತ ಒಂದೇ ಸಮನೆ ನಡೆಸುತ್ತಿತ್ತು. ಉಳಿದ ಬೆರಳು ಅದರ ಮೇಲೆ ತಮ್ಮ ಪಾಡಿಗೆ ತಾವು ಹಾಡುತ್ತಿದ್ದವು. ವೈನಿ ನನ್ನ ತೊಡೆ ಚಿವುಟಿ, "ಏ, ಹೆಬ್ಬೆರಳು ಬೀಸ್ಲಿಕ್ಕತ್ತದ ನೋಡ, ಉಳದವು ಪದಾ ಹಾಡ್ಲಿಕ್ಕತ್ತಾವ!" ಅಂದರು. ಅದು ಖರೇ. ನಸುಕಿನಲ್ಲಿ ಬೀಸುವ ಕಲ್ಲು ಕೆಳಗೆ ಗುಡುಗುಟ್ಟುತ್ತ ತಿರುಗುವಾಗ ಮೇಲೆ ನಮ್ಮ ದನಿ ಹೇಗೆ ಏಳುತ್ತದೋ ಹಾಗೆ. ಇಷ್ಟು ದಿನ ಇಬ್ಬರು ಬಾರಿಸಿದಂತೆ ಅಂತ ನಮ್ಮವರು ಹೇಳಿದ್ದು ನನಗೆ ತಿಳಿದದ್ದು ಆಗ.

ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೆಣ್ಣುಮಕ್ಕಳು ಚಪ್ಪಾಳೆ ಹೊಡೆಯುವ ರೂಢಿ ನಮ್ಮಲ್ಲಿ ಎಲ್ಲಿ? ಗಿಟಾರಿನವರು ಮುಖವೆತ್ತಿ, ಹಿಡಿಸಲಿಲ್ಲವೇನೋ ಎಂಬಂತೆ ನೋಡಿದರು. ಆಗ ಅತ್ತೆ, "ರಾಮ ರಾಮ ರಾಮಾ! ಅದನ್ನ ಇನ್ನೊಮ್ಮೆ ಬಾರಸ್ರಿ. ನಡುವ ಒಂದು ಕಡೆ ನಮ್ಮನ್ನ ಅಳಿಸಿಬಿಟ್ರಲ್ಲ, ಅದು," ಅಂದರು.

"ಯಾವುದು ಆಯೀ? ಇದು?" ಅವರು ಆ ತುಣುಕನ್ನಷ್ಟೇ ನುಡಿಸಿದರು.

"ಹಾಂ, ಅದ! ಅದ!" ಅಂತ ಹಾಲಿನ ತುಂಬ ದನಿ. ಆಮೇಲೆ ನಾಚಿಕೆ ಯಾರಿಗಿತ್ತು? ಒಬ್ಬರು "ಭಲೇ" ಅಂದರು, ಒಬ್ಬರು ತಲೆ ತೂಗಿದರು, ಒಬ್ಬ ಅಜ್ಜಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ಗಿಟಾರಿನವರ ಮುಖ ಅರಳಿತು. ಗಂಡಸರ ಬೈಠಕಿನಲ್ಲಿ ಎಲ್ಲರೂ ಬಿಗಿದುಕೊಂಡು ಕೂತಿರುತ್ತಾರೆ, ಕಡೆಗೊಮ್ಮೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ ಅಂತ ಅವರೇ ನಗುತ್ತ ಹೇಳಿದರು. ಒಂದಾದ ಮೇಲೆ ಒಂದು ಬಾರಿಸಿದರು. ಒಂದು ಕುಣಿಸುವಂಥದ್ದು, ಒಂದು ಜೋಗುಳದಂಥದ್ದು, ಒಂದು ಬರೀ ಹನಿಹನಿಯಾಗಿ ಬೀಳುವಂಥದ್ದು. ನಾನು ರೆಪ್ಪೆ ಹೊಡೆಯಲೂ ಹೆದರಿದೆ. ಅಷ್ಟರಲ್ಲಿ ಬೆರಳು ಏನಾದರೂ ಮಾಡಿಬಿಟ್ಟರೆ? ಉಪವಾಸದ ಹೊಟ್ಟೆ ಅನ್ನುವುದು ನೆನಪಿಗೇ ಬರಲಿಲ್ಲ.

ಕಡೆಗೆ ಅತ್ತೆ ಬಾಳೆಹಣ್ಣುಗಳನ್ನು ರಾಮನ ಮುಂದಿಟ್ಟು ತೋರಿಸಿ, ಒಂದು ತುಳಸಿ ದಳದೊಡನೆ ಅವರ ಕೈಗೆ ಕೊಟ್ಟರು. "ಬರಿಗೈಲೆ ಕಳಸಬಾರದು. ದೇವರ ಮುಂದ ಸೇವಾ ಮಾಡೀರಿ." ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು.

ನನ್ನ ಕಣ್ಣು ಮಾತ್ರ ವಕೀಲರ ಮೇಲೆ. ಅವರು ಬಾಗಿಲ ಕಂಬಕ್ಕೆ ಒರಗಿ ಉದ್ದಕ್ಕೂ ನಿಂತೇ ಕೇಳಿದ್ದರು. ಕಡೀ ಅಂದ ಮಾತನ್ನು ಹಿರಿಯರು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವೇ? ಮಾಸ್ತರು ಜಮಖಾನೆ ಸುತ್ತಲು ಬಗ್ಗಿದರು. ವಕೀಲರು ಬಡಿಗೆಯಿಂದ ಅದರ ಅಂಚನ್ನು ಒತ್ತಿ ಹಿಡಿದು, ಯಾರ ಮುಖವನ್ನೂ ನೋಡದೆ, "ಇವತ್ತು ಹೆಂಗ ಕೂತಿದ್ರು ಅದನ್ನ ನೆಪ್ಪಿಟಗೋರಿ. ಮುಂದಿನ ತಿಂಗಳ ಈ ಕಡೆ ಮುಖಾ ಮಾಡೇ ಹಾಸ್ರಿ. ಕುರ್ಚೆನೂ ಇಲ್ಲೇ ಇರ್ಲಿ," ಅಂದರು.

"ಗಂಡಸರಿಗೇನ್ರಿ, ಹೆಣ್ಣುಮಕ್ಕಳಿಗ್ರಿ?" ಅಂತ ಮಾಸ್ತರು ಕೇಳಿದರು.

"ಇಬ್ಬರಿಗೂ," ಅಂದು ವಕೀಲರು ಹೊರಟುಹೋದರು.

ನಾನು ವೈನಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಅವರ ಒಂದು ಬಳೆ ಸೀಳಿತು. "ಇರ್ಲಿ ಬಿಡವಾ," ಅಂದರು, "ಬಳಿ ಏನು ಬೇಕಾದಷ್ಟು ಬರ್ತಾವ."

ಮನೆಗೆ ಬರುವಾಗ ಬಿಸಿಲು ಇಳಿದಿತ್ತು. ಬಾಗಿಲಲ್ಲೇ ಕಾದಿದ್ದ ನಮ್ಮವರಿಗೆ ಅತ್ತೆ ಕೂಡಲೂ ಇಲ್ಲ, ನಿಂತೇ ಎಲ್ಲಾ ಹೇಳಿದರು. "ನಾ ಅಂದೆ, ಇಲ್ಲೆ ರಾಮನ ಮುಂದ ಬರ್ರಿ ಅಂತ. ಅಷ್ಟು ಓದಿದ ವಕೀಲಗ ಹೊಳೀಲಿಲ್ಲ ನೋಡು, ನನಗ ಹೊಳೀತು." ನಮ್ಮವರು ಅತ್ತೆಯ ಭುಜದ ಮೇಲಿಂದ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ನನಗೆ ಕೈ ಕಂಡಿತ್ತು, ಮುಂದಿನ ತಿಂಗಳೂ ಕಾಣುವುದಿತ್ತು. ಉಪಾಯ ಯಾರದಾದರೇನು? ಹೊಳೆಯಿಸಿದವನು ಆ ಗೋಡೆಯ ಮೇಲೆ ಕೂತಿದ್ದನಲ್ಲ.

"ಏ, ಕುಣಕೋತ ನಿಂತೀಯೇನು?" ಅಂದರು ಅತ್ತೆ. "ನಾಳೆ ದ್ವಾದಶಿ. ಪಾರಣಿಗೆ ನಸುಕಿನ್ಯಾಗ ಒಲಿ ಹಚ್ಚಬೇಕು. ಮೆಂತೆಪಲ್ಲೆ ಯಾರು ಸೋಸವ್ರು?"

ನಾನು ಇಳಕಲ್ ಸೀರೆ ಮಡಚಿಟ್ಟು, ಹಳೆಯದನ್ನು ಉಟ್ಟುಕೊಂಡು, ಹಿತ್ತಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಪಲ್ಲೆ ಸೋಸಲು ಕೂತೆ.